ಮೈಸೂರಿನಲ್ಲಿ ತಂಗಿದವರಿಗೆ ಸುತ್ತಲಿನ ಊರುಗಳ ದಾರಿಯೂ ತೆರೆಯಲಿ

ಸಂಪಾದಕರಿಗೆ,

ಮಾನ್ಯರೆ,

ದಸರಾ ಸಮಯದಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಮೈಸೂರಿನಿಂದ ಗಿರಿದರ್ಶಿನಿ, ಜಲದರ್ಶಿನಿ, ದೇವದರ್ಶಿನಿ ಎಂಬ ಹೆಸರುಗಳಲ್ಲಿ ಒಂದು ದಿನದ ಪ್ರವಾಸದ ಬಸ್ಸುಗಳನ್ನು ಓಡಿಸುತ್ತ ಬಂದಿರುವುದು ತಮ್ಮ ಓದುಗರಲ್ಲಿ ಅನೇಕರಿಗೆ ತಿಳಿದೇ ಇದೆ. ಬೆಳಿಗ್ಗೆ ಮೈಸೂರಿನಿಂದ ಹೊರಟು ರಾತ್ರಿ ಮೈಸೂರಿಗೇ ಮರಳುವ ಈ ಬಸ್ಸುಗಳು ಮುಖ್ಯವಾಗಿ ದಸರೆಯ ಜನಸಂದಣಿಗೆಂದೇ ಏರ್ಪಟ್ಟಿರುವಂಥವು. ಇವನ್ನು ವರ್ಷದುದ್ದಕ್ಕೂ, ಕೊನೆಯ ಪಕ್ಷ ಶನಿವಾರ, ಭಾನುವಾರ ಮತ್ತು ಶಾಲಾ ರಜೆಯ ದಿನಗಳಲ್ಲಿ ಓಡಿಸಬೇಕೆಂದೂ, ಹಾಗೆ ಓಡಿಸುವಾಗ ಈಗಿನ ಉದ್ದನೆಯ ಮಾರ್ಗಗಳನ್ನು ಮೊಟಕುಗೊಳಿಸಿ ಒಂದು ದಿನಕ್ಕೆ ಒಂದೇ ದಿಕ್ಕು ಎಂಬಂತೆ ರೂಪಿಸಬೇಕೆಂದೂ ಸಂಬಂಧಪಟ್ಟವರನ್ನು ಒತ್ತಾಯಿಸುವುದು ಈ ಪತ್ರದ ಉದ್ದೇಶ.

ಇದಕ್ಕೆ ಈಗ ಕಾಲ ಕೂಡಿ ಬಂದಿದೆ ಎನ್ನಲು ಒಂದು ಕಾರಣವಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ 118 ಕಿಲೋಮೀಟರ್ ಉದ್ದದ ಹೊಸ ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ ರಾಜಧಾನಿಯವರಿಗೆ ಮೈಸೂರು ತೀರ ಹತ್ತಿರದ ಊರಾಯಿತು. ಹತ್ತಿರವಾದುದು ಒಳ್ಳೆಯದೇ, ಆದರೆ ಮೊದಲು ಎರಡು ರಾತ್ರಿ ಉಳಿಯುತ್ತಿದ್ದ ಕುಟುಂಬಗಳು ಈಗ ಬೆಳಿಗ್ಗೆ ಬಂದು ಅರಮನೆ ನೋಡಿ, ಮೃಗಾಲಯ ಸುತ್ತಿ, ಸಂಜೆ ದೀಪ ಹತ್ತಿದ ಬಳಿಕ ಕಾರು ಹತ್ತಿಬಿಡುವುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಸುತ್ತಲಿನ ಊರುಗಳಿಗೆ ಹೋಗಿಬರಲು ತಂಗುವ ನೆಲೆಯಾಗಿದ್ದ ಮೈಸೂರು ತಾನೇ ಒಂದು ದಿನದ ಸುತ್ತಾಟದ ಜಾಗವಾಗಿ ಕುಗ್ಗುತ್ತಿದೆ. ಎರಡನೆಯ ರಾತ್ರಿ ಇಲ್ಲಿ ಉಳಿಯಲು ಜನರಿಗೆ ಕಾರಣ ಬೇಕು, ಮತ್ತು ಆ ಕಾರಣ ನಗರದ ಒಳಗಿಗಿಂತ ಹೊರಗೇ ಹೆಚ್ಚಾಗಿದೆ.

ಟ್ರಾವೆಲ್ಸ್‌ನವರು ಮಾರುವ ‘ಒಂದು ದಿನದ ಮೈಸೂರು’ ಪ್ಯಾಕೇಜನ್ನೇ ನೋಡಿ. ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ಸಂತ ಫಿಲೋಮಿನಾ ಚರ್ಚ್, ಶ್ರೀರಂಗಪಟ್ಟಣ, ಕೊನೆಗೆ ಕೃಷ್ಣರಾಜಸಾಗರದ ಬೃಂದಾವನ — ಇಷ್ಟೂ ಒಂದೇ ಹಗಲಿನಲ್ಲಿ. 1892ರಲ್ಲಿ ಆರಂಭವಾದ ಶ್ರೀ ಚಾಮರಾಜೇಂದ್ರ ಮೃಗಾಲಯವೊಂದನ್ನೇ ನೆಟ್ಟಗೆ ನೋಡಲು ಮಕ್ಕಳೊಂದಿಗೆ ಹೋದವರಿಗೆ ಮೂರು ತಾಸು ಬೇಕು. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಿ 1912ರಲ್ಲಿ ಮುಗಿಸಿದ ಈಗಿನ ಅರಮನೆಯನ್ನು ಸರತಿ ಸಾಲಿನಲ್ಲಿ ತಳ್ಳಿಸಿಕೊಳ್ಳುತ್ತ ನೋಡಿದರೂ ಒಂದೂವರೆ ತಾಸು ಹಿಡಿಯುತ್ತದೆ. ಉಳಿದ ಹೊತ್ತು ಪಾರ್ಕಿಂಗ್ ಹುಡುಕುವುದರಲ್ಲಿ, ಚಪ್ಪಲಿ ಬಿಡುವುದರಲ್ಲಿ, ‘ಬೇಗ ಬನ್ನಿ, ಇನ್ನೂ ಮೂರು ಜಾಗ ಬಾಕಿ’ ಎಂಬ ಚಾಲಕರ ಅವಸರದಲ್ಲಿ ಕಳೆದುಹೋಗುತ್ತದೆ. ಶ್ರೀರಂಗಪಟ್ಟಣದ ಪಾಲಿಗೆ ಉಳಿಯುವುದು ಮುಕ್ಕಾಲು ಗಂಟೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಕೋಟೆ, ಆದಿರಂಗನ ದೇಗುಲ, ಗುಂಬಜ್, ಸಂಗಮ ಎಲ್ಲವೂ ಇರುವ ದ್ವೀಪಕ್ಕೆ ಮುಕ್ಕಾಲು ಗಂಟೆ!

ಇದಕ್ಕಿಂತ ವಿಚಿತ್ರವಾದದ್ದು ಮೈಸೂರಿನಿಂದ ಒಂದೇ ದಿನದಲ್ಲಿ ಊಟಿಗೆ ಹೋಗಿಬರುವ ಏರ್ಪಾಟು. ಸುಮಾರು 125 ಕಿಲೋಮೀಟರ್ ದಾರಿ, ಮಸಿನಗುಡಿಯ ಕಡೆಯಿಂದ ಹತ್ತಿದರೆ ಕಲ್ಹಟ್ಟಿ ಘಾಟಿನ 36 ತಿರುವುಗಳು, 2024ರ ಮೇ ತಿಂಗಳಿನಿಂದ ನೀಲಗಿರಿ ಜಿಲ್ಲೆಗೆ ಹೋಗುವ ಹೊರಗಿನ ವಾಹನಗಳಿಗೆ ಇ–ಪಾಸಿನ ಕಡ್ಡಾಯ, ಮರಳುವಾಗ ರಾತ್ರಿ 9 ಗಂಟೆಗೆ ಮುಚ್ಚುವ ಬಂಡೀಪುರದ ಗೇಟನ್ನು ತಲುಪಲೇಬೇಕೆಂಬ ಧಾವಂತ. ಹಗಲಿನ ಬಹುಪಾಲನ್ನು ವಾಹನದಲ್ಲೇ ಕಳೆದು, ಮಕ್ಕಳು ವಾಂತಿ ಮಾಡಿಕೊಂಡು, ಸಸ್ಯೋದ್ಯಾನದಲ್ಲಿ ಒಂದು ಫೋಟೊ ತೆಗೆಸಿಕೊಂಡು ಬರುವವರನ್ನು ಕಂಡಾಗ ಅವರಿಗೆ ಯಾರೂ ಬೇರೆ ದಾರಿ ತೋರಿಸಲಿಲ್ಲವಲ್ಲ ಎನಿಸುತ್ತದೆ. ಊಟಿಗೆ ಹೋಗುವುದಾದರೆ ಅಲ್ಲಿ ತಂಗಬೇಕು. ಮೈಸೂರಿನಲ್ಲಿ ತಂಗಿದವರಿಗೆ ಅದರ ಅರ್ಧಕ್ಕೂ ಕಡಿಮೆ ದೂರದಲ್ಲಿ ಬೇಕಾದಷ್ಟು ಇದೆ.

ಆ ಬೇಕಾದಷ್ಟರಲ್ಲಿ ನಾನು ಮೊದಲು ಹೇಳಬಯಸುವುದು ಪೂರ್ವದ ದಾರಿಯನ್ನು. ಏಕೆಂದರೆ ಅತ್ಯಂತ ಸಮೃದ್ಧವಾದದ್ದೂ ಅತಿ ಕಡಿಮೆ ಅನುಕೂಲ ಪಡೆದಿರುವುದೂ ಅದೇ. ಮೈಸೂರಿನಿಂದ ಸುಮಾರು 35 ಕಿಲೋಮೀಟರ್ ದೂರದ ಸೋಮನಾಥಪುರದ ಕೇಶವ ದೇವಾಲಯವು 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ, ಮೂರು ಗರ್ಭಗುಡಿಗಳಿರುವ ಈ ತ್ರಿಕೂಟಾಚಲವು ಬೇಲೂರಿಗಿಂತ ಮೈಸೂರಿಗೆ ಎಷ್ಟೋ ಹತ್ತಿರದಲ್ಲಿದೆ. ಆದರೂ ಸ್ವಂತ ವಾಹನವಿಲ್ಲದವರು ಅಲ್ಲಿಗೆ ಹೋಗಬೇಕಾದರೆ ಬನ್ನೂರಿನಲ್ಲೋ ತಿರುಮಕೂಡಲು ನರಸೀಪುರದಲ್ಲೋ ಇಳಿದು ಇನ್ನೊಂದು ಬಸ್ಸಿಗಾಗಿ ಕಾಯುವುದೇ ರೂಢಿಯಾಗಿ ಉಳಿದಿದೆ. ಬಸ್ ಇಷ್ಟು ಗಂಟೆಗೆ ಬರುತ್ತದೆ ಎಂದು ಖಚಿತವಾಗಿ ಹೇಳುವವರು ಸಿಗುವುದಿಲ್ಲ. ‘ಈಗ ಬರುತ್ತೆ, ಕೂತ್ಕೊಳ್ಳಿ’ ಎನ್ನುವವರು ಧಾರಾಳವಾಗಿ ಸಿಗುತ್ತಾರೆ. ವಿಶ್ವ ಪರಂಪರೆಯ ತಾಣವೊಂದಕ್ಕೆ ಹತ್ತಿರದ ದೊಡ್ಡ ನಗರದಿಂದ ನೇರವಾದ, ವೇಳೆಗೆ ಸರಿಯಾದ, ಪ್ರವಾಸಿಗಳಿಗೆಂದೇ ಹೊಂದಿಸಿದ ಬಸ್ ಬೇಕೆಂದು ಕೇಳುವುದು ದುಬಾರಿಯ ಬೇಡಿಕೆಯಾಗಲಾರದು.

ಈ ದಾರಿಯಲ್ಲಿ ಬಸ್ ಓಡಿಸುವಾಗ ಊರುಗಳ ಪಟ್ಟಿಗಿಂತ ಹೊತ್ತಿನ ಹೊಂದಾಣಿಕೆಗೆ ಹೆಚ್ಚಿನ ಗಮನ ಬೇಕು. ತಲಕಾಡು ಮೈಸೂರಿನಿಂದ ಸುಮಾರು 45 ಕಿಲೋಮೀಟರ್. ಗಂಗರ ರಾಜಧಾನಿಯಾಗಿದ್ದ, ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ಕೈಸೇರಿದ್ದ, ವಿಷ್ಣುವರ್ಧನನು ಗೆದ್ದು ತಲಕಾಡುಗೊಂಡನೆನಿಸಿಕೊಂಡು ಕೀರ್ತಿನಾರಾಯಣನನ್ನು ನಿಲ್ಲಿಸಿದ ಆ ಊರಿನಲ್ಲಿ ದೇಗುಲದಿಂದ ದೇಗುಲಕ್ಕೆ ಮರಳಿನ ದಿಬ್ಬಗಳ ನಡುವೆಯೇ ಹೋಗಬೇಕು. ಬೆಳಿಗ್ಗೆ ಒಂಬತ್ತಕ್ಕೆ ಆ ಮರಳು ತಣ್ಣಗಿರುತ್ತದೆ. ಮಧ್ಯಾಹ್ನ ಒಂದಕ್ಕೆ ಬರಿಗಾಲಿನಲ್ಲಿ ಹೆಜ್ಜೆ ಊರಲಾಗದು. ಸೋಮನಾಥಪುರದಲ್ಲಿಯೂ ಚಪ್ಪಲಿಯನ್ನು ಹೊರಗೆ ಬಿಟ್ಟು ನಕ್ಷತ್ರಾಕಾರದ ಜಗಲಿಯನ್ನು ಸುತ್ತಬೇಕಾದ್ದರಿಂದ ನಡುಹಗಲಿನ ಕಾದ ಕಲ್ಲು ಜನರನ್ನು ಓಡಿಸಿಬಿಡುತ್ತದೆ. ಆದ್ದರಿಂದ ಮೊದಲು ತಲಕಾಡು, ಅಲ್ಲಿಂದ ಹಿಂದಿರುಗಿ ಕಾವೇರಿ–ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ ಊಟ, ವಿಶ್ರಾಂತಿ, ಮೂರು ಗಂಟೆಯ ಮೇಲೆ ಸೋಮನಾಥಪುರ, ಬನ್ನೂರಿನ ಮೇಲೆ ಹಾಯ್ದು ಕತ್ತಲಾಗುವ ಮುನ್ನ ಮೈಸೂರು. ಒಟ್ಟು ದೂರ 100–110 ಕಿಲೋಮೀಟರ್ ಮೀರದು.

ಈ ಅನುಕ್ರಮಕ್ಕೆ ಬಿಸಿಲಿನದಲ್ಲದೆ ಇನ್ನೊಂದು ಸಮರ್ಥನೆಯೂ ಇದೆ. ಪೂರ್ವಾಭಿಮುಖವಾದ ಸೋಮನಾಥಪುರದ ದೇವಾಲಯದ ಹೊರಗೋಡೆಯಲ್ಲಿ ಆನೆ, ಕುದುರೆ, ಬಳ್ಳಿಗಳ ಸಾಲುಗಳ ಮೇಲೆ ದಕ್ಷಿಣಕ್ಕೆ ರಾಮಾಯಣ, ಹಿಂಬದಿಗೆ ಭಾಗವತದ ಕೃಷ್ಣಕಥೆ, ಉತ್ತರಕ್ಕೆ ಮಹಾಭಾರತ ಹರಿದಿವೆ. ಇಳಿಹೊತ್ತಿನ ಓರೆ ಬಿಸಿಲು ಹಿಂಬದಿಯ ಗೋಡೆಯ ಮೇಲೆ ಬಿದ್ದಾಗ ಬಳಪದ ಕಲ್ಲಿನ ಒಂದೊಂದು ಕೊರೆತವೂ ನೆರಳು ಕಟ್ಟಿಕೊಂಡು ಮೇಲೇಳುತ್ತದೆ. ಕೆಲವು ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ಕೊರೆದುಕೊಂಡಿರುವ ಹೆಸರನ್ನು ಓದಲೂ ಅಂಥ ಬೆಳಕೇ ಬೇಕು. ನವರಂಗದ ಒಳಗಿನ ಭುವನೇಶ್ವರಿಗಳನ್ನು, ಎಂದರೆ ಕೆತ್ತನೆಯ ಒಳಛಾವಣಿಗಳನ್ನು, ಅದರಲ್ಲೂ ಬಾಳೆಮೊಗ್ಗಿನ ಆಕಾರದವನ್ನು, ಕತ್ತೆತ್ತಿ ನೋಡುತ್ತ ನಿಲ್ಲಲು ಬಿಡುವಿರಬೇಕು. ಇಪ್ಪತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಿಸಿ ಬಸ್ ಹತ್ತಿಸುವುದಾದರೆ ಕರೆದುಕೊಂಡು ಹೋಗುವ ಶ್ರಮವೇಕೆ?

ಈಗಿರುವ ದೇವದರ್ಶಿನಿಯು ನಂಜನಗೂಡು, ಶಿವನಸಮುದ್ರದ ಬ್ಲಫ್, ಮುಡುಕುತೊರೆ, ತಲಕಾಡು, ಸೋಮನಾಥಪುರ, ಶ್ರೀರಂಗಪಟ್ಟಣ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವಂತೆ ಹೆಣೆದದ್ದು. ಜಲದರ್ಶಿನಿ ಮಡಿಕೇರಿಯವರೆಗೂ ಹೋಗಿ ಬಂದು ಸಂಜೆಗೆ ಕೃಷ್ಣರಾಜಸಾಗರ ಮುಟ್ಟಬೇಕು. ಬಂಡೀಪುರ, ಗೋಪಾಲಸ್ವಾಮಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳನ್ನು ಒಂದೇ ಹಗಲಿಗೆ ಕಟ್ಟಿರುವ ಗಿರಿದರ್ಶಿನಿಯದೂ ಸುಮಾರು 300 ಕಿಲೋಮೀಟರಿನ ಓಟ. ಇಷ್ಟೊಂದು ಊರುಗಳ ಹೆಸರನ್ನು ಒಂದು ಟಿಕೆಟಿನಲ್ಲಿ ಕೊಟ್ಟರೆ ಜನ ಬರುತ್ತಾರೆಂಬ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ, ಮತ್ತು ದಸರೆಗೆಂದು ದೂರದಿಂದ ಬಂದವರಿಗೆ ಅದು ಒಂದು ಮಟ್ಟಿಗೆ ಒಪ್ಪಿಗೆಯೂ ಆದೀತು. ಆದರೆ ವರ್ಷವಿಡೀ ನಡೆಯಬೇಕಾದ ಸೇವೆಗೆ ಅದು ಸರಿಹೊಂದದು. ಮುದುಕರು, ಮೊಮ್ಮಕ್ಕಳು, ಮಂಡಿನೋವಿನವರು ಸೇರಿದ ಕುಟುಂಬಗಳೇ ರಜೆಯಲ್ಲಿ ಹೆಚ್ಚಾಗಿ ಹೊರಡುವುದು. ಅವರಿಗೆ ಎರಡು ಅಥವಾ ಮೂರು ಜಾಗಗಳು, ನಡುವೆ ಒಂದು ನೆಮ್ಮದಿಯ ಊಟ, ಇಷ್ಟಿದ್ದರೆ ದಿನ ತುಂಬುತ್ತದೆ.

ಉತ್ತರದ ದಿಕ್ಕಿಗೂ ಇದೇ ಮಾತು ಸಲ್ಲುತ್ತದೆ. ರಂಗನತಿಟ್ಟು ಬೆಳಗಿನ ಜಾಗ. ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ ಈ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಕೊಕ್ಕರೆ, ಚಮಚಕೊಕ್ಕುಗಳನ್ನು ನೋಡಬೇಕಾದರೆ ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗಿನ ತಿಂಗಳುಗಳಲ್ಲಿ, ಬಿಸಿಲೇರುವ ಮೊದಲು ದೋಣಿ ಹತ್ತಬೇಕು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರ ನಿಲ್ಲುತ್ತದೆ. ಆ ಸುದ್ದಿ ಪ್ರವಾಸಿಗೆ ತಿಳಿಯುವುದು ಪಕ್ಷಿಧಾಮದ ಬಾಗಿಲಿಗೆ ಬಂದ ಮೇಲೆ. ಬಸ್ ನಿಲ್ದಾಣದಲ್ಲೇ ಒಂದು ಫಲಕ ಹಾಕಿದರೆ ಮುಗಿಯುವ ಕೆಲಸ ಇದು. ಬೆಳಿಗ್ಗೆ ರಂಗನತಿಟ್ಟು ಮುಗಿಸಿದವರು ಉಳಿದ ಹಗಲನ್ನೆಲ್ಲ ಶ್ರೀರಂಗಪಟ್ಟಣಕ್ಕೇ ಕೊಡಲಿ. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಬೇಸಿಗೆ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೈಲಿಯ ಪಡೆಯನ್ನು ಸುತ್ತುವರಿದ ಆ ದೃಶ್ಯದ ಮುಂದೆ ಮಕ್ಕಳನ್ನು ನಿಲ್ಲಿಸಿ ಯಾರು ಯಾವ ಕಡೆಯವರೆಂದು ಗುರುತಿಸಲು ಹೇಳಿದರೆ, ಶಾಲೆಯ ಪಾಠದಲ್ಲಿ ಹತ್ತು ಪುಟ ಓದಿದ್ದಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ದರಿಯಾ ದೌಲತ್ತಿನ ನೆರಳಿನಲ್ಲಿದ್ದು, ಸಂಜೆ ಬಾಗಿಲು ತೆಗೆದ ಮೇಲೆ ರಂಗನಾಥನ ದರ್ಶನಕ್ಕೆ ಹೋಗುವುದು ಬುದ್ಧಿವಂತಿಕೆ. ಬೃಂದಾವನದ ಕಾರಂಜಿ ಬೇಕೆನ್ನುವವರಿಗೆ ಅದನ್ನು ಇದೇ ದಿನದ ಕೊನೆಗೆ ಸೇರಿಸಬಹುದು.

ಮೇಲುಕೋಟೆಯನ್ನು ಇದರೊಂದಿಗೆ ತುರುಕಬಾರದು. ಸುಮಾರು 50 ಕಿಲೋಮೀಟರ್ ದೂರದ ಆ ಬೆಟ್ಟದೂರಿಗೆ, ದಾರಿಯಲ್ಲಿ ಪಾಂಡವಪುರದ ಬಳಿಯ ತೊಣ್ಣೂರು ಕೆರೆಯನ್ನೂ ಸೇರಿಸಿ, ಬೇರೆಯೇ ಒಂದು ದಿನ ಬೇಕು. ಚೆಲುವನಾರಾಯಣನ ಗುಡಿ, ಕಲ್ಯಾಣಿ, ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು, ಪುಳಿಯೋಗರೆ ಎಲ್ಲವೂ ನಿಧಾನದಲ್ಲೇ ರುಚಿಸುವಂಥವು. ವೈರಮುಡಿ ಉತ್ಸವದ ದಿನ ಮಾತ್ರ ಅಲ್ಲಿಗೆ ವಿಶೇಷ ಬಸ್ಸುಗಳ ನೆನಪಾಗುವುದಕ್ಕಿಂತ, ಜನಜಂಗುಳಿ ಇಲ್ಲದ ದಿನಗಳಲ್ಲಿ ಪ್ರವಾಸಿಯನ್ನು ಕರೆದೊಯ್ದರೆ ಊರಿಗೂ ಒಳ್ಳೆಯದು.

ದಕ್ಷಿಣಕ್ಕೆ ನಂಜನಗೂಡಿಗೆ ಚಾಮರಾಜನಗರದ ರೈಲು ಇದೆ. ಮಕ್ಕಳಿಗೆ ರೈಲಿನಲ್ಲಿ ಹೋಗಿ, ಕಪಿಲೆಯ ತೀರದ ಶ್ರೀಕಂಠೇಶ್ವರನನ್ನು ನೋಡಿ, ಅರ್ಧ ದಿನದಲ್ಲಿ ಮರಳುವುದೇ ಒಂದು ಹಬ್ಬ. ಅದಕ್ಕೆ ವಿಶೇಷ ವ್ಯವಸ್ಥೆಯ ಅಗತ್ಯವೇ ಇಲ್ಲ. ಗುಂಡ್ಲುಪೇಟೆಯ ಆಚೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮಾತ್ರ ವಿಶೇಷವಾಗಿ ಹೇಳಬೇಕಾದದ್ದು. ಬಂಡೀಪುರ ಹುಲಿ ಮೀಸಲು ಪ್ರದೇಶದ ಒಳಗಿರುವ ಆ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡದೆ, ಬುಡದಲ್ಲಿ ನಿಲ್ಲಿಸಿ, ಸಾರಿಗೆ ನಿಗಮದ ಬಸ್ಸಿನಲ್ಲೇ ಮೇಲಕ್ಕೆ ಕರೆದೊಯ್ಯುವ ಪದ್ಧತಿ ಜಾರಿಯಲ್ಲಿದೆ. ಆರಂಭದಲ್ಲಿ ಗೊಣಗುವವರಿದ್ದರೂ ಕಾಡಿನ ದಾರಿಯಲ್ಲಿ ಕಾರುಗಳ ಸಾಲು ತಪ್ಪಿದ್ದನ್ನು ನೋಡಿದ ಮೇಲೆ ಯಾರೂ ಹಳೆಯ ಕ್ರಮವೇ ಬೇಕೆನ್ನಲಾರರು. ಇಷ್ಟು ಕಷ್ಟದ ದಾರಿಯಲ್ಲಿ ಬಸ್ ಓಡಿಸಲು ಬಲ್ಲ ನಿಗಮಕ್ಕೆ ಬನ್ನೂರಿನ ಸಮತಟ್ಟಾದ ರಸ್ತೆಯಲ್ಲಿ ವಾರಕ್ಕೆರಡು ದಿನ ಒಂದು ಬಸ್ ಓಡಿಸುವುದು ಕಷ್ಟವಾಗದು.

ಪಶ್ಚಿಮದ ಬೈಲಕುಪ್ಪೆ, ಕುಶಾಲನಗರಗಳ ಕಡೆಗೆ ಬಸ್ಸುಗಳಿಗೆ ಬರವಿಲ್ಲ; ಆ ದಿಕ್ಕನ್ನು ಸದ್ಯಕ್ಕೆ ಹಾಗೆಯೇ ಬಿಡಬಹುದು.

ಬಸ್ಸಿನ ಮಾತಿನೊಡನೆ ಹೇಳಲೇಬೇಕಾದದ್ದು ಶೌಚಾಲಯ ಮತ್ತು ಕುಡಿಯುವ ನೀರಿನ ವಿಚಾರ. ಹೆಂಗಸರು ಪ್ರವಾಸದ ದಿನ ಬೆಳಗಿನಿಂದ ನೀರನ್ನೇ ಕುಡಿಯದೆ ಇರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಪತ್ರಿಕೆಗೆ ಬರೆಯದ ಸಂಗತಿ. ಬೀಗ ಹಾಕಿದ ಅಥವಾ ಬೀಗ ಹಾಕುವುದೇ ಮೇಲೆನಿಸುವ ಶೌಚಾಲಯಗಳು ಪ್ರಸಿದ್ಧ ತಾಣಗಳ ಮಗ್ಗುಲಲ್ಲೇ ಇವೆ. ಪ್ರವಾಸದ ಬಸ್ ಇಂಥ ದಿನ ಇಷ್ಟು ಹೊತ್ತಿಗೆ ಬರುತ್ತದೆ ಎಂದು ಸ್ಥಳೀಯ ಸಂಸ್ಥೆಗಳಿಗೆ ಮೊದಲೇ ತಿಳಿದಿದ್ದರೆ ಅಷ್ಟರಮಟ್ಟಿಗಾದರೂ ಸ್ವಚ್ಛತೆಗೆ ಹೊಣೆಗಾರರನ್ನು ಗುರುತಿಸಬಹುದು. ತಲಕಾಡಿನ ನದೀತೀರದಲ್ಲಿ ಸುಳಿ, ಮಡುಗಳ ಅರಿವಿಲ್ಲದೆ ನೀರಿಗಿಳಿದು ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ತಮ್ಮ ಪತ್ರಿಕೆಯಲ್ಲೇ ಮತ್ತೆಮತ್ತೆ ಓದುತ್ತಿರುತ್ತೇವೆ. ಜೊತೆಗೆ ಒಬ್ಬ ಮಾರ್ಗದರ್ಶಿ ಇರುವ ತಂಡದಲ್ಲಿ ಅಂಥ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಆ ಮಾರ್ಗದರ್ಶಿ ಸುತ್ತಲಿನ ಊರಿನವರೇ ಆಗಿದ್ದು, ಅಲಮೇಲಮ್ಮನ ಶಾಪದ ಕಥೆಯ ಜೊತೆಗೆ ಮರಳು ಹೇಗೆ ಬಂದು ಕೂಡಿತೆಂಬುದನ್ನೂ ವಿವರಿಸಬಲ್ಲವರಾಗಿದ್ದರೆ ಇನ್ನೂ ಲೇಸು.

ದರದ ಬಗ್ಗೆ ಒಂದು ಮಾತು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುತ್ತಿದ್ದಾರೆ, ಮತ್ತು ಮನೆಯಿಂದ ಹೊರಗೆ ಕಾಲಿಡದಿದ್ದ ಎಷ್ಟೋ ಹಿರಿಯ ಹೆಣ್ಣುಮಕ್ಕಳು ಗೆಳತಿಯರ ಜೊತೆ ಯಾತ್ರೆ ಹೊರಟಿದ್ದಾರೆ. ಪ್ರವಾಸದ ವಿಶೇಷ ಬಸ್ಸಿಗೆ ಬೇರೆ ದರವಿಟ್ಟರೆ ತಪ್ಪೇನೂ ಅಲ್ಲ. ಇಬ್ಬರು ವೃದ್ಧರು ಸೋಮನಾಥಪುರಕ್ಕೆಂದು ಇಡೀ ಟ್ಯಾಕ್ಸಿ ಬಾಡಿಗೆಗೆ ಹಿಡಿಯುವುದಕ್ಕಿಂತ ಅದು ಎಷ್ಟೋ ಅಗ್ಗವಾಗುತ್ತದೆ. ನಮ್ಮಂಥ ಮೈಸೂರಿನವರ ಮನೆಗಳಿಗೆ ರಜೆಯಲ್ಲಿ ನೆಂಟರು ಬಂದಾಗ ಎದುರಾಗುವ ಸಮಸ್ಯೆಯೂ ಇದೇ: ಮೊದಲ ದಿನ ಅರಮನೆ, ಬೆಟ್ಟ ತೋರಿಸಿದ ಮೇಲೆ ಎರಡನೆಯ ದಿನಕ್ಕೆ ಕಾರಿನಲ್ಲಿ ಎಲ್ಲರಿಗೂ ಜಾಗವಿರುವುದಿಲ್ಲ, ಟೆಂಪೋ ಟ್ರಾವೆಲರ್ ಹಿಡಿಯುವಷ್ಟು ಜನವೂ ಇರುವುದಿಲ್ಲ. ಅದು ಮಂಗಳವಾರವಾದರಂತೂ ಮೃಗಾಲಯಕ್ಕೂ ರಜೆ.

ಇದೆಲ್ಲ ಇಷ್ಟು ವರ್ಷ ಆಗದಿರುವುದಕ್ಕೆ ಒಂದು ಕಾರಣ ಆಡಳಿತದ ಗಡಿಗಳಿರಬಹುದೆಂದು ನನ್ನ ಅನಿಸಿಕೆ. ಪ್ರವಾಸಿ ತಂಗುವುದು ಮೈಸೂರಿನಲ್ಲಿ. ಶ್ರೀರಂಗಪಟ್ಟಣ, ರಂಗನತಿಟ್ಟು, ಮೇಲುಕೋಟೆ ಇರುವುದು ಮಂಡ್ಯ ಜಿಲ್ಲೆಯಲ್ಲಿ. ಗೋಪಾಲಸ್ವಾಮಿ ಬೆಟ್ಟ, ಭರಚುಕ್ಕಿ ಇರುವುದು ಚಾಮರಾಜನಗರ ಜಿಲ್ಲೆಯಲ್ಲಿ. ಶಿವನಸಮುದ್ರದಲ್ಲಂತೂ ಒಂದೇ ನದಿಯ ಎರಡು ಕವಲುಗಳ ಜಲಪಾತಗಳಾದ ಗಗನಚುಕ್ಕಿ ಒಂದು ಜಿಲ್ಲೆಗೆ, ಭರಚುಕ್ಕಿ ಇನ್ನೊಂದಕ್ಕೆ ಸೇರಿವೆ. ಸ್ಮಾರಕಗಳು ಪುರಾತತ್ವ ಇಲಾಖೆಯ ಕೈಯಲ್ಲಿ, ಪಕ್ಷಿಧಾಮ ಅರಣ್ಯ ಇಲಾಖೆಯ ಕೈಯಲ್ಲಿ, ದೇವಾಲಯಗಳು ಮುಜರಾಯಿಯ ಕೈಯಲ್ಲಿ. ಮೂರೂ ಜಿಲ್ಲೆಗಳ ಪ್ರವಾಸೋದ್ಯಮ ಅಧಿಕಾರಿಗಳು ಸಾರಿಗೆ ನಿಗಮದವರೊಂದಿಗೆ ಕುಳಿತು ತೆರೆಯುವ–ಮುಚ್ಚುವ ವೇಳೆ, ಬಸ್ ನಿಲ್ಲುವ ಜಾಗ, ಟಿಕೆಟಿನ ವಿಚಾರಗಳನ್ನು ಒಮ್ಮೆ ಇತ್ಯರ್ಥ ಮಾಡಿಕೊಂಡರೆ ಸಾಕು. ನಗರದೊಳಗೆ ‘ಅಂಬಾರಿ’ ಡಬಲ್ ಡೆಕ್ಕರ್ ಬಸ್ಸನ್ನು ಓಡಿಸುತ್ತಿರುವ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವೂ ಇದರಲ್ಲಿ ಕೈಜೋಡಿಸಬಹುದು. ಎಲ್ಲ ದಿಕ್ಕುಗಳನ್ನೂ ಒಮ್ಮೆಲೇ ಆರಂಭಿಸಬೇಕೆಂದೇನೂ ಇಲ್ಲ. ಮೊದಲಿಗೆ ತಲಕಾಡು–ಸೋಮನಾಥಪುರದ ಮಾರ್ಗದಲ್ಲಿ ಒಂದೇ ಒಂದು ಬಸ್ಸನ್ನು ಶನಿವಾರ ಮತ್ತು ಭಾನುವಾರ ಬೆಳಿಗ್ಗೆ ಏಳೂವರೆಗೆ ಗ್ರಾಮಾಂತರ ಬಸ್ ನಿಲ್ದಾಣದಿಂದ ಹೊರಡಿಸಲಿ. ಭಾನುವಾರದ ಬಸ್ ಸಂಜೆ ಆರೂವರೆಯೊಳಗೆ ಮರಳಿದರೆ ಪ್ರವಾಸಿಗಳು ಅರಮನೆಯ ದೀಪಾಲಂಕಾರವನ್ನೂ ನೋಡಬಹುದು. ವೇಳಾಪಟ್ಟಿಯನ್ನು ರೈಲು ನಿಲ್ದಾಣದಲ್ಲಿ, ಲಾಡ್ಜುಗಳ ಕೌಂಟರಿನಲ್ಲಿ ಕನ್ನಡ, ಇಂಗ್ಲಿಷ್, ಮಲಯಾಳಂ ಮತ್ತು ತಮಿಳಿನಲ್ಲಿ ಅಂಟಿಸಲಿ. ಆರು ತಿಂಗಳು ನಡೆಸಿ, ಸೀಟುಗಳು ಎಷ್ಟು ತುಂಬುತ್ತವೆಂಬುದನ್ನು ನೋಡಿ, ಮುಂದಿನ ಮಾರ್ಗವನ್ನು ನಿರ್ಧರಿಸಲಿ.

ಇಂತಿ ತಮ್ಮ ವಿಶ್ವಾಸಿ,
ಹಿರಿಯ ಓದುಗರೊಬ್ಬರು, ಮೈಸೂರು